ಹಸಿವು ಒಬ್ಬರದು, ಪಾಳಿ ಎಲ್ಲರದು

"ಒಂದ್ ಗುಟುಕು ಚಾ ಕುಡೀರಿ, ಯಾರ್ ನೋಡ್ತಾರ?" ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂಥ ಊರಲ್ಲಿ ರೋಜಾ ಹಿಡಿದು ಕೆಲಸಕ್ಕೆ ಬಂದವರಿಗೆ ಈ ಮಾತು ಹೊಸದಲ್ಲ. ಕೇಳುವವರದು ಪ್ರೀತಿಯೇ. ಆದರೆ ಯಾರೂ ನೋಡದಿದ್ದಾಗಲೂ ಮುರಿಯದಿರುವುದಕ್ಕೇ ವ್ರತ ಎನ್ನುವುದು.

ಉಪವಾಸಗಳೆಲ್ಲ ಒಂದೇ ಬಗೆಯವಲ್ಲ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಸಂಜೆ ಪೂಜೆ ಮುಗಿಸಿ ಉಣ್ಣುತ್ತಾರೆ. ಏಕಾದಶಿಯವರಿಗೆ ಸಾಬೂದಾಣಿ ಖಿಚಡಿ, ಶೇಂಗಾ ನಡೆಯುತ್ತದೆ. ರೋಜಾದಲ್ಲಿ ಸೂರ್ಯ ಮುಳುಗುವವರೆಗೆ ಹನಿ ನೀರೂ ಇಲ್ಲ. ರಮ್ಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2022ರಲ್ಲಿ ಅದು ಏಪ್ರಿಲ್‌ನ ಕೆಂಡದಂಥ ಬಿಸಿಲಿಗೇ ಬಿದ್ದಿತ್ತು.

ಕಲ್ಯಾಣ ಕರ್ನಾಟಕದಲ್ಲಿ ಬೇಸಿಗೆಗೆಂದು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದುಂಟು. ಬಿಸಿಲಿಗೆ ಬಗ್ಗುವ ಗಡಿಯಾರ ವ್ರತಕ್ಕೂ ಬಗ್ಗಬೇಕೇ? ಪಕ್ಕದ ತೆಲಂಗಾಣ 2025ರ ರಮ್ಜಾನ್‌ನಲ್ಲಿ ಮುಸ್ಲಿಂ ನೌಕರರಿಗೆ ಸಂಜೆ 4ಕ್ಕೇ ಹೊರಡಲು ಅನುಮತಿ ಕೊಟ್ಟಿತು. ಒಂದೇ ಧರ್ಮಕ್ಕೇಕೆ ಎಂಬ ತಕರಾರೂ ಎದ್ದಿತು.

ತಾನಾಗಿ ಆರಿಸಿಕೊಂಡ ಹಸಿವಿನ ಭಾರವನ್ನು ಜೊತೆಗಾರರು ಹೊರಬೇಕೆ?

ಭಾಲ್ಕಿ ಇರುವ ಬೀದರ್ ಜಿಲ್ಲೆಯದೇ ಆದ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕಾಯಕವನ್ನೇ ಪೂಜೆಯೆಂದರು. ವ್ರತದ ನೆಪದಲ್ಲಿ ಕೆಲಸ ತಪ್ಪಿಸುವುದಕ್ಕೆ ಆ ವಿಚಾರದಲ್ಲಿ ಜಾಗವಿಲ್ಲ. ಆದರೆ ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದವರು ಅವರೇ. ಕುರಾನ್ ಕೂಡ ರೋಗಿಗೆ, ಪ್ರಯಾಣಿಕನಿಗೆ ರೋಜಾದಿಂದ ವಿನಾಯಿತಿ ಕೊಡುತ್ತದೆ; ದೇಹದ ಮಿತಿಯನ್ನು ಧರ್ಮವೇ ಒಪ್ಪಿದೆ.

ಹೀಗಾಗಿ ಹೊಂದಾಣಿಕೆಗೆ ದೊಡ್ಡ ಆದೇಶವೇ ಬೇಕೆಂದಿಲ್ಲ. ತಿರುಗಾಟದ ಕೆಲಸ ಬೆಳಿಗ್ಗೆ, ಕುಳಿತು ಬರೆಯುವುದು ಮಧ್ಯಾಹ್ನ. ಇಫ್ತಾರ್ ಹೊತ್ತಿನ ಪಾಳಿಯನ್ನು ಒಬ್ಬರು ಹಿಡಿದರೆ, ಶ್ರಾವಣ ಸೋಮವಾರದ ಸಂಜೆಯದನ್ನು ಇನ್ನೊಬ್ಬರು ತೀರಿಸಬಹುದು. ಉಣ್ಣುವವರು ಡಬ್ಬಿ ಬಚ್ಚಿಡಬೇಕಿಲ್ಲ. ರೊಟ್ಟಿ ಬಿಚ್ಚಿದಾಗ "ನೀವೂ ಬರ್ರಿ" ಎಂದು ಎರಡನೇ ಸಲ ಒತ್ತಾಯಿಸದಿದ್ದರೆ ಆಯಿತು.