ತಗ್ಗುವವರಿಂದಲೇ ದಾರಿ

ಸುಗ್ಗಿಯಲ್ಲಿ ಹಾವೇರಿ, ರಾಣೆಬೆನ್ನೂರು ಕಡೆಯ ಮೆಣಸಿನಕಾಯಿ ಗಾಡಿಗಳೆಲ್ಲ ಬ್ಯಾಡಗಿ ಮಾರುಕಟ್ಟೆಗೆ ಒಮ್ಮೆಲೇ ನುಗ್ಗಿದರೆ ಯಾರೂ ಒಳಸೇರಲಾರರು. ಇಂಟರ್‌ನೆಟ್ಟಿಗೂ ಇದೇ ಗತಿ ಒದಗಿತ್ತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗಿಸುತ್ತಿದ್ದ ಜಾಲ 40 ಬಿಟ್‌ಗೆ ಕುಸಿಯಿತು. 1988ರಲ್ಲಿ ವ್ಯಾನ್ ಜೇಕಬ್ಸನ್ ಪ್ರಕಟಿಸಿದ ಪರಿಹಾರ ಸರಳ: ಕಳುಹಿಸಿದ್ದು ತಲುಪದಿದ್ದರೆ ದಾರಿ ತುಂಬಿದೆಯೆಂದು ತಿಳಿದು ಪ್ರತಿ ಕಂಪ್ಯೂಟರೂ ತಾನೇ ವೇಗ ತಗ್ಗಿಸಬೇಕು, ಬಳಿಕ ಮೆಲ್ಲಗೆ ಏರಿಸಬೇಕು.

ಆದರೆ ಒಬ್ಬನೇ ಹತ್ತು ಸಂಪರ್ಕ ತೆರೆದರೆ, ಒಂದೇ ತೆರೆದ ನೆರೆಯವನಿಗಿಂತ ಸುಮಾರು ಹತ್ತುಪಟ್ಟು ಪಾಲು ಪಡೆಯಬಲ್ಲ. ನಿಯಮವೇನೋ ಮುರಿಯಲಿಲ್ಲ, ನ್ಯಾಯ ಉಳಿಯಿತೇ? ಇತರರು ತಗ್ಗಿದ್ದರಿಂದಲೇ ಅವನಿಗೆ ದಾರಿ ಸಿಕ್ಕಿತು. ಎಲ್ಲರೂ ಹಾಗೆಯೇ ಮಾಡಿದರೆ ಅವನಿಗೂ ಲಾಭವಿಲ್ಲ. ನೆರೆಯವರ ಸಂಯಮದಿಂದ ಪಡೆದ ಸೌಕರ್ಯ ಕಳ್ಳತನವಲ್ಲದಿದ್ದರೂ ಋಣವೇ. ಅದನ್ನು ತೀರಿಸುವ ಬಗೆ ಒಂದೇ: ನಾವೂ ತಗ್ಗುವುದು.