ಶೈಖ್ ಎಂದರೆ ಯಾರು?

‘ಶೈಖ್’ ಎಂಬ ಶಬ್ದ ಕಿವಿಗೆ ಬಿದ್ದಾಗ ತಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಕೆಲವರಿಗೆ ಓರ್ವ ದೊಡ್ಡ ವಿದ್ವಾಂಸರು, ಕೆಲವರಿಗೆ ಸೂಫಿ ಗುರು, ಗಲ್ಫಿನಲ್ಲಿ ದುಡಿದು ಬಂದವರಿಗೆ ಅಲ್ಲಿನ ಧಣಿ. ನಮ್ಮ ಊರುಗಳಲ್ಲಂತೂ ತೊಟ್ಟಿಲಲ್ಲಿರುವ ಮಗುವಿನ ಹೆಸರಿನ ಮುಂದೆಯೂ ‘ಶೇಖ್’ ಇರುತ್ತದೆ. ಆದರೆ ಅರಬಿ ಭಾಷೆಯಲ್ಲಿ ಈ ಶಬ್ದದ ಮೂಲಾರ್ಥ ‘ಮುದುಕ’ ಎಂದು. ಹಸುಗೂಸನ್ನು ಮುದುಕನೆಂದು ಕರೆಯುತ್ತಿದ್ದೇವೆಂಬುದು ನಮಗೆ ಹೊಳೆಯುವುದೇ ಇಲ್ಲ!

ಶಬ್ದವು ಬೆಳೆದು ಬಂದ ದಾರಿ ಸರಳವಾಗಿದೆ. ವಯಸ್ಸಾದವನು ಹೆಚ್ಚು ಕಂಡವನು, ಹೆಚ್ಚು ಉಂಡವನು. ಆದ್ದರಿಂದ ಗೋತ್ರದ ಮುಖಂಡ ಶೈಖ್ ಆದ. ಹದೀಸ್ ಕಲಿಸುವ ಗುರು, ವಯಸ್ಸು ಎಷ್ಟೇ ಇರಲಿ, ಶಿಷ್ಯರಿಗೆ ಶೈಖ್ ಆದ. ‘ಶೈಖೈನ್’ ಎಂದರೆ ಹದೀಸ್ ಶಾಸ್ತ್ರದಲ್ಲಿ ಇಮಾಮ್ ಬುಖಾರಿ ಮತ್ತು ಇಮಾಮ್ ಮುಸ್ಲಿಮ್. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ‘ಶೈಖುಲ್ ಇಸ್ಲಾಮ್’ ಒಂದು ಸರಕಾರಿ ಹುದ್ದೆಯೇ ಆಗಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ಅನುಭವಕ್ಕೂ ಅಧಿಕಾರಕ್ಕೂ ಅಂಟಿಕೊಂಡ ಗೌರವವು ಬರಿಯ ಮುಪ್ಪಿನ ಪಾಲಿಗೆ ಉಳಿಯಿತೇ? ನಮ್ಮ ಕನ್ನಡದಲ್ಲೇ ನೋಡಿರಿ. ಜಮಾಅತ್ ಕಮಿಟಿಯಲ್ಲಿ ಕುಳಿತು ತೀರ್ಮಾನ ಹೇಳುವವರು ‘ಹಿರಿಯರು’. ಜಗಲಿಯಲ್ಲಿ ಕೆಮ್ಮುತ್ತಾ ಮಲಗಿರುವವನು ‘ಮುದುಕ’. ಇಬ್ಬರ ವಯಸ್ಸೂ ಎಪ್ಪತ್ತೇ ಇರಬಹುದು!

ಈಗ ಪವಿತ್ರ ಕುರ್‌ಆನನ್ನು ತೆರೆಯಿರಿ. ಈ ಶಬ್ದ ಅದರಲ್ಲಿ ನಾಲ್ಕೇ ಕಡೆ ಬಂದಿದೆ. ಒಂದರಲ್ಲೂ ಪಾಂಡಿತ್ಯದ ಅಥವಾ ನಾಯಕತ್ವದ ಅರ್ಥವಿಲ್ಲ. ಮಗು ಹುಟ್ಟಲಿದೆ ಎಂಬ ಶುಭವಾರ್ತೆ ಕೇಳಿದ ಪ್ರವಾದಿ ಇಬ್ರಾಹೀಮರ(ಅ) ಪತ್ನಿ, ತನ್ನ ಪತಿ ಮುದುಕರಲ್ಲವೇ ಎಂದು ಬೆರಗಾಗುತ್ತಾರೆ (ಹೂದ್: 72). ಈಜಿಪ್ಟಿನಲ್ಲಿ ಕಿರಿಯ ತಮ್ಮನನ್ನು ಹಿಡಿದಿಟ್ಟುಕೊಂಡಾಗ ಪ್ರವಾದಿ ಯೂಸುಫರ(ಅ) ಅಣ್ಣಂದಿರು, ಇವನ ತಂದೆ ತೀರಾ ಮುದುಕರು, ಇವನ ಬದಲಿಗೆ ನಮ್ಮಲ್ಲೊಬ್ಬನನ್ನು ಇರಿಸಿಕೊಳ್ಳಿ ಎಂದು ಅಂಗಲಾಚುತ್ತಾರೆ (ಯೂಸುಫ್: 78). ಮದ್‌ಯನಿನ ನೀರಿನ ಬಳಿ ತಮ್ಮ ಕುರಿಗಳನ್ನು ತಡೆದು ನಿಂತಿದ್ದ ಇಬ್ಬರು ಹೆಣ್ಮಕ್ಕಳು ಪ್ರವಾದಿ ಮೂಸಾರಿಗೆ(ಅ) ಕೊಟ್ಟ ಕಾರಣವೂ ಅದೇ, ತಂದೆಯ ಮುಪ್ಪು (ಕಸಸ್: 23). ಆ ತಂದೆ ಎಷ್ಟು ಬಲ್ಲವರು, ಯಾವ ಮನೆತನದವರು ಎಂದು ಮೂಸಾ(ಅ) ವಿಚಾರಿಸಲಿಲ್ಲ. ಕುರಿಗಳಿಗೆ ನೀರು ಕುಡಿಸಿ ನೆರಳಿಗೆ ಸರಿದರು. ನಾಲ್ಕನೆಯದು, ಮಣ್ಣಿನಿಂದ ಮುಪ್ಪಿನವರೆಗಿನ ಮನುಷ್ಯ ಜೀವನದ ಹಂತಗಳನ್ನು ಹೇಳುವ ಸೂಕ್ತ (ಮೂಮಿನ್: 67). ಹೀಗೆ ಕುರ್‌ಆನಿನ ಶೈಖ್ ಇತರರನ್ನು ಆಳುವವನಲ್ಲ, ಇತರರ ಆಸರೆ ಬೇಕಾದವನು.

ಫಿಕ್‌ಹ್ ಗ್ರಂಥಗಳಲ್ಲಿಯೂ ‘ಶೈಖೆ ಫಾನಿ’ ಎಂಬ ಮಾತಿದೆ. ಉಪವಾಸ ಹಿಡಿಯುವ ಶಕ್ತಿ ಪೂರ್ತಿ ಕುಂದಿ, ಮರಳಿ ಬರುವ ಆಸೆಯೂ ಇಲ್ಲದ ವೃದ್ಧ ಎಂದರ್ಥ. ಅವನು ಒಂದೊಂದು ಉಪವಾಸಕ್ಕೆ ಬದಲಾಗಿ ಓರ್ವ ಬಡವನಿಗೆ ಉಣಿಸಿದರೆ ಸಾಕು.

ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ ಎಂದು ತಾವು ಕೇಳಬಹುದು. ಖಂಡಿತ ಇದೆ. ಖೈಬರಿನಲ್ಲಿ ಕೊಲೆಯಾದ ಓರ್ವ ಸಹಾಬಿಯ ಕಡೆಯವರು ದೂರು ಹೇಳಲು ಪ್ರವಾದಿವರ್ಯರ(ಸ) ಬಳಿಗೆ ಬಂದಾಗ, ಎಲ್ಲರಿಗಿಂತ ಕಿರಿಯನಾದ ಅವರ ಸ್ವಂತ ಸಹೋದರನೇ ಮಾತಿಗೆ ತೊಡಗಿದ. ಹಿರಿಯರಿಗೆ ಅವಕಾಶ ಕೊಡು ಎಂದರು ಪ್ರವಾದಿವರ್ಯರು(ಸ). ಆದರೆ ಹ. ಉಮರ್(ರ) ಬದ್ರ್‌ನ ಹಿರಿಯರ (ಬುಖಾರಿಯ ವರದಿಯಲ್ಲಿ ‘ಶೈಖ್’ ಎಂಬುದರ ಬಹುವಚನವೇ ಇದೆ) ಸಭೆಗೆ ತರುಣ ಇಬ್ನು ಅಬ್ಬಾಸ್‌ರನ್ನು(ರ) ಕರೆಯುತ್ತಿದ್ದರು. ಈತನ ವಯಸ್ಸಿನ ಮಕ್ಕಳು ನಮಗಿದ್ದಾರೆ ಎಂದು ಆಕ್ಷೇಪ ಬಂತು. ಉಮರ್(ರ) ವಾದಿಸಲಿಲ್ಲ. ಸೂರಃ ‘ನಸ್ರ್’‌ನ ತಾತ್ಪರ್ಯವೇನೆಂದು ಎಲ್ಲರನ್ನೂ ಕೇಳಿದರು. ಅದು ಪ್ರವಾದಿವರ್ಯರ(ಸ) ಅಂತ್ಯ ಸಮೀಪಿಸಿದುದರ ಸೂಚನೆ ಎಂದು ಹೇಳಿದ್ದು ಆ ತರುಣನೊಬ್ಬನೇ. ಅಂದರೆ ಮೊದಲ ಮಾತಿನ ಹಕ್ಕು ವಯಸ್ಸಿಗೆ, ಒಪ್ಪಿಗೆಯ ಹಕ್ಕು ಸತ್ಯಕ್ಕೆ. ಇವೆರಡನ್ನೂ ಕಲಸಿಬಿಟ್ಟರೆ ಒಂದೋ ಹಿರಿಯರ ದಬ್ಬಾಳಿಕೆ, ಇಲ್ಲವೇ ಕಿರಿಯರ ಉದ್ಧಟತನ.

ಇಂದು ನಮ್ಮನ್ನು ಕಾಡಬೇಕಾದ ಪ್ರಶ್ನೆ ಬೇರೆಯೇ. ಅನುಭವವೇ ಕೆಲಸಕ್ಕೆ ಬಾರದಾದಾಗ ಏನು? ಮೊಬೈಲಿನಲ್ಲಿ ಹಣ ಪಾವತಿಸಲು ಮೊಮ್ಮಗ ಅಜ್ಜನಿಗೆ ಕಲಿಸಬೇಕು. ಇನ್ನೂ ಮುಂದೆ ಹೋದರೆ ನೆನಪೇ ಹೋಗುತ್ತದೆ. ಬಲ್ಲವನಾಗಿದ್ದವನು ಏನನ್ನೂ ಅರಿಯದ ಹೀನ ವಯಸ್ಸಿಗೆ ತಲುಪುವನೆಂದು ಕುರ್‌ಆನ್ (ನಹ್ಲ್: 70) ಎಚ್ಚರಿಸಿದೆ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ ತಂದೆಯಿಂದ ಯಾವ ಸಲಹೆ ಪಡೆಯುವಿರಿ? ಮಾತಾಪಿತರಿಗೆ ‘ಛೆ’ ಎನ್ನಬಾರದೆಂಬ ಆಜ್ಞೆ ಬಂದಿರುವುದು ಸರಿಯಾಗಿ ಈ ಸ್ಥಿತಿಗಾಗಿಯೇ. ಅವರು ಮುಪ್ಪಿಗೆ ತಲುಪುವುದು ‘ನಿನ್ನ ಬಳಿಯಲ್ಲಿ’ ಎಂದು ಅಲ್ಲಾಹನು ಅಲ್ಲಿ ಹೇಳುತ್ತಾನೆ. ಅವರು ವಿವೇಕಿಗಳಾಗಿರಬೇಕೆಂಬ ಶರ್ತವನ್ನು ಹಾಕಿಲ್ಲ. ನಮ್ಮ ದೇಶದಲ್ಲಿ 2007ರಲ್ಲಿ ಮಾತಾಪಿತರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾನೂನೊಂದು ಬಂತು. 60 ದಾಟಿದವರು ಹಿರಿಯ ನಾಗರಿಕರು. ಅವರನ್ನು ಬೀದಿಪಾಲು ಮಾಡಿದ ಮಕ್ಕಳಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಕಾನೂನು ಜೀವನಾಂಶ ಕೊಡಿಸೀತು, ‘ಛೆ’ಯನ್ನು ಅದು ಹೇಗೆ ತಡೆದೀತು?

ಹ. ಅಬೂಬಕರ್‌ರ(ರ) ತಂದೆ ಅಬೂ ಕುಹಾಫಃರನ್ನು ನೆನೆಯಿರಿ. ಹಿಜ್ರಿ 8ರಲ್ಲಿ (ಕ್ರಿ.ಶ. 630) ಮಕ್ಕಾ ವಿಜಯವಾದಾಗ ಅವರು ಕಣ್ಣು ಕಾಣದ ಮುದುಕರು, ತಲೆ ಬೆಳ್ಳಗೆ ನರೆತಿತ್ತು. ಅದುವರೆಗೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಇಸ್ಲಾಮಿಗಾಗಿ ಕಷ್ಟ ಉಂಡ ಅನುಭವ ಅವರದಲ್ಲ. ಮಗ ಅವರನ್ನು ಪ್ರವಾದಿವರ್ಯರ(ಸ) ಸನ್ನಿಧಿಗೆ ಕರೆತಂದರು. ಶೈಖ್‌ರನ್ನು ಮನೆಯಲ್ಲೇ ಬಿಟ್ಟಿದ್ದರೆ ನಾನೇ ಅಲ್ಲಿಗೆ ಬರುತ್ತಿದ್ದೆನಲ್ಲ ಎಂದರು ಪ್ರವಾದಿವರ್ಯರು(ಸ). ಬಳಿಕ ಅವರನ್ನು ಎದುರಿಗೆ ಕುಳ್ಳಿರಿಸಿ, ಎದೆ ಸವರಿ ಇಸ್ಲಾಮಿಗೆ ಆಹ್ವಾನಿಸಿದರು. ಆ ಮುದುಕರು ಮಗ ಖಲೀಫರಾದುದನ್ನು ಕಂಡರು, ಮಗನ ಮರಣದ ನಂತರವೂ ಕೆಲವು ತಿಂಗಳು ಬದುಕಿದ್ದರು. ಮಗನ ಸೊತ್ತಿನಲ್ಲಿ ತಮಗೆ ಬಂದ ಪಾಲನ್ನು ಮೊಮ್ಮಕ್ಕಳಿಗೇ ಬಿಟ್ಟುಕೊಟ್ಟರೆಂದು ಚರಿತ್ರೆಕಾರರು ಬರೆದಿದ್ದಾರೆ.