ನ್ಯಾಯವಾದ ಬೆಲೆ ಯಾವುದು?

ಪದಾರ್ಥವೊಂದರ ಬೆಲೆಯನ್ನು ನಿಶ್ಚಯಿಸುವವರು ಯಾರು? ಮಾರುವವನೋ, ಕೊಳ್ಳುವವನೋ, ಪೇಟೆಯೋ? ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಈ ಪ್ರಶ್ನೆ ನಮ್ಮನ್ನು ಬಾಧಿಸುವುದಿಲ್ಲ. ಅಲ್ಲಿ ಬೆಲೆ ಎಲ್ಲರಿಗೂ ತಿಳಿದದ್ದು. ಬೆಲೆಯು ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದಿರುವಲ್ಲಿಯೇ ಧರ್ಮಸಂಕಟ ಮೊದಲಾಗುತ್ತದೆ.

ಕಾಸರಗೋಡಿನ ಕಡಲ ಸಮೀಪದ ನಮ್ಮೂರಿನಲ್ಲಿ ನೆರೆಮನೆಯ ಹಿರಿಯರೊಬ್ಬರು 1966ರ ಫಿಯೆಟ್ 1100 ಕಾರನ್ನು ಬಲು ಜತನದಿಂದ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಪತ್ನಿ ಅದನ್ನು ಮಾರಲು ಮನಸ್ಸು ಮಾಡಿದರು. ಹಳೆಯ ವಾಹನಗಳನ್ನು ಬಲ್ಲ ಮಿತ್ರನೊಬ್ಬನನ್ನು ನಾನೇ ಕರೆದೊಯ್ದೆ. ಅವನು ಕಾರಿನ ಅಡಿಗೆ ತೂರಿ ತಗಡನ್ನು ತಟ್ಟಿ ನೋಡಿದನು. ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಡನೆ ತಾಳೆನೋಡಿದನು. ಉಪ್ಪುಗಾಳಿಯ ಊರಿನಲ್ಲಿ ತುಕ್ಕಿಲ್ಲದ ತಗಡು, ಕಾರ್ಖಾನೆಯಲ್ಲಿ ಬಳಿದ ಮೊದಲ ಬಣ್ಣ! “ಮೂರು ಲಕ್ಷಕ್ಕೆ ಮೋಸವಿಲ್ಲ” ಎಂದು ನನ್ನ ಕಿವಿಯಲ್ಲಿ ಉಸುರಿದನು. ಅಷ್ಟರಲ್ಲಿ ಆ ತಾಯಿ ಕಾಫಿ ತಂದಿಟ್ಟು, “ಮಾಷ್ಟ್ರೇ, ಗುಜರಿಯವನು ಇಪ್ಪತ್ತು ಸಾವಿರ ಹೇಳಿದ್ದಾನೆ. ನಿಮ್ಮವರು ಇಪ್ಪತ್ತೈದು ಕೊಟ್ಟರೆ ಸಾಕು” ಎಂದರು. ಮಿತ್ರನು ತಲೆಯಾಡಿಸಿದನು. ನಾನೂ ಮಾತಾಡಲಿಲ್ಲ.

ದಾರಿಯಲ್ಲಿ ವಾದವಾಯಿತು. “ಕೇಳಿದ್ದನ್ನು ಕೊಡುವುದು ವಂಚನೆಯೆ? ಇಪ್ಪತ್ತು ವರ್ಷ ಕೈ ಕರಿಮಾಡಿಕೊಂಡು ಗಳಿಸಿದ ತಿಳಿವಳಿಕೆಗೆ ಬೆಲೆಯಿಲ್ಲವೆ?” ಎಂದನು. ಈ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ.

ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂತಹದೇ ಜಿಜ್ಞಾಸೆಯಿದೆ. ಕ್ಷಾಮಪೀಡಿತ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕನಿಗೆ, ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದು ಗೊತ್ತು. ಹೇಳಬೇಕೋ, ಬೇಡವೋ? ಕಾನೂನು ಕೇಳಿದಷ್ಟು ಹೇಳಿದರೆ ಸಾಕೆಂದು ಡಯೋಜಿನೀಸನು, ಎಲ್ಲವನ್ನೂ ಹೇಳಬೇಕೆಂದು ಆಂಟಿಪೇಟರನು. ಸಿಸೆರೊನ ಒಲವು ಎರಡನೆಯ ಪಕ್ಷಕ್ಕೆ. ಕೊಳ್ಳುವವನ ಉದಾಹರಣೆಯೂ ಅಲ್ಲಿದೆ: ಸ್ಕೀವೊಲನೆಂಬವನು ಜಮೀನು ಕೊಳ್ಳುವಾಗ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ಹೆಚ್ಚು ಕೊಟ್ಟನು. ಅದು ಸಜ್ಜನನ ಕೃತ್ಯವೇ ಹೊರತು ವಿವೇಕಿಯದಲ್ಲವೆಂದು ಜನರಾಡಿದರು. ಸಜ್ಜನಿಕೆಯನ್ನೂ ವಿವೇಕವನ್ನೂ ಹೀಗೆ ಬೇರ್ಪಡಿಸುವುದೇ ಕೇಡೆಂದು ಸಿಸೆರೊನ ಅಭಿಮತ.

ಆ ಮೂರು ಲಕ್ಷವನ್ನು ಬಿಡಿಸಿ ನೋಡೋಣ. ಕಬ್ಬಿಣದ ಬೆಲೆ ಗುಜರಿಯವನು ಹೇಳಿದಷ್ಟೇ. ಇನ್ನೊಂದು ಪಾಲು ವಿರಳತೆಯದು. 1955ರಲ್ಲಿ ಎರಡೇ ತಯಾರಾದ ಮರ್ಸಿಡಿಸ್ ಬೆಂಝ್ 300 ಎಸ್‌ಎಲ್‌ಆರ್ ಕೂಪೆ ಕಾರುಗಳಲ್ಲೊಂದು 2022ರಲ್ಲಿ 13.5 ಕೋಟಿ ಯೂರೋಗಳಿಗೆ ಮಾರಾಟವಾಯಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ಟುಗಳು ಹುಟ್ಟುವಾಗ ವಿರಳವಾಗಿರಲಿಲ್ಲ. ಊರವರೆಲ್ಲ ತಮ್ಮದನ್ನು ಗುಜರಿಗೆ ಹಾಕಿದ್ದರಿಂದ ವಿರಳವಾದವು. ಈ ಒಂದು ಏಕೆ ಉಳಿಯಿತು? ಆ ಹಿರಿಯರು ಮಳೆಗಾಲದ ಸಂಜೆಗಳಲ್ಲಿ ಅಡಿಯ ಕೆಸರು ತೊಳೆದು ಒರಸುತ್ತಿದ್ದುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಆದುದರಿಂದ ಬೆಲೆಯ ಬಹುಪಾಲು ಆ ಕೈಗಳ ದುಡಿಮೆ. ಮಿತ್ರನ ತಿಳಿವಳಿಕೆ ಆ ಬೆಲೆಯನ್ನು ಕಂಡಿತು, ಉಂಟುಮಾಡಲಿಲ್ಲ. ಕಂಡದ್ದಕ್ಕೆ ಕೂಲಿ ಸಲ್ಲಬೇಕು, ಒಡೆತನ ಸಲ್ಲದು. ಬಿಡಿಭಾಗಗಳನ್ನು ಹುಡುಕುವ ಶ್ರಮವನ್ನೂ, ಐವತ್ತು ವರ್ಷ ಮೀರಿದ ವಾಹನಗಳ ವಿಂಟೇಜ್ ನೋಂದಣಿಗೆ 2021ರ ನಿಯಮ ಗೊತ್ತುಪಡಿಸಿದ 20,000 ರೂಪಾಯಿ ಶುಲ್ಕವನ್ನೂ ಅವನು ಕಳೆಯಲಿ, ಅದು ನ್ಯಾಯವೇ. ಲೆಕ್ಕವನ್ನೆಲ್ಲ ಎದುರಿಗೆ ಬಿಚ್ಚಿಟ್ಟರೂ ಮಾರುವವರು “ಆಗಬಹುದು” ಎನ್ನುವ ಬೆಲೆಯೇ ನ್ಯಾಯವಾದದ್ದೆಂದು ನನಗೆ ತೋರುತ್ತದೆ.

ಮರುದಿನ ಮಿತ್ರನಿಗೆ ತಿಳಿಸಿಯೇ ಆ ತಾಯಿಯ ಬಳಿಗೆ ಹೋಗಿ ನಿಜ ಹೇಳಿದೆನು. ಕೊನೆಗೆ 2,60,000 ರೂಪಾಯಿಗೆ ಕಾರು ಅವನದೇ ಆಯಿತು. ಒಂದು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ಅದಕ್ಕೆ ನಾನು ಅವನನ್ನು ದೂರಲಾರೆ. ಕಾಫಿ ಕುಡಿಯುತ್ತ ಸುಮ್ಮನಿದ್ದವನು ನಾನೂ ಅಲ್ಲವೆ?

ತರಗತಿಯಲ್ಲಿ ಲಾಭನಷ್ಟದ ಲೆಕ್ಕ ಕೊಡುವಾಗ ಈ ಪ್ರಸಂಗ ನೆನಪಾಗುತ್ತದೆ. ಕೊಂಡ ಬೆಲೆ 25,000, ಮಾರಿದ ಬೆಲೆ 3,00,000, ಲಾಭವೆಷ್ಟು? ಮಕ್ಕಳು ಕ್ಷಣದಲ್ಲಿ ಸರಿಯುತ್ತರ ಹೇಳುತ್ತಾರೆ. ಆ ಲಾಭ ಯಾರಿಗೆ ಸೇರಿದ್ದೆಂಬ ಪ್ರಶ್ನೆ ಪುಸ್ತಕದಲ್ಲಿಲ್ಲ. ಅದನ್ನು ಉಪಾಧ್ಯಾಯನೇ ಕೇಳಬೇಕು.